ಗಿಂಡಿಯ ಕತ್ತಿನ ತೂತು

ಜಾದೂಗಾರರ ಹಳೆಯ ಸಾಮಾನುಗಳ ಹರಾಜು ಇನ್ನೇನು ಶುರುವಾಗುವುದರಲ್ಲಿತ್ತು. ಮೇಜಿನ ಮೇಲಿದ್ದ ಹಿತ್ತಾಳೆ ಗಿಂಡಿ ಬರುವವರ ಮುಖವನ್ನೇ ನೋಡುತ್ತಿತ್ತು. ಯಾರೂ ಕೊಳ್ಳದಿದ್ದರೆ ಅದು ಗುಜರಿಗೆ ಹೋಗಬೇಕಿತ್ತು.

ಪಕ್ಕದಲ್ಲಿದ್ದ ಅರಗಿನ ಕಡ್ಡಿ ಹೇಳಿತು: "ಗಿಂಡಿಯವರೇ, ನಿಮ್ಮ ಕತ್ತಿನಲ್ಲಿ ತೂತಿದೆ. ಅಪ್ಪಣೆ ಕೊಟ್ಟರೆ ಕರಗಿ ಮುಚ್ಚಿಬಿಡುತ್ತೇನೆ."

"ನಿಮ್ಮ ಮನಸ್ಸು ದೊಡ್ಡದು. ಆದರೆ ಇದು ಪೆಟ್ಟು ಬಿದ್ದು ಆದ ತೂತಲ್ಲ, ನನ್ನನ್ನು ಮಾಡಿದವನೇ ಇಟ್ಟದ್ದು."

"ಕೊಳ್ಳುವವರಿಗೆ ಅದು ಹೇಗೆ ತಿಳಿಯಬೇಕು?"

"ತಿಳಿದವರು ಬರಲಿ, ಕಾಯುತ್ತೇನೆ" ಎಂದಿತು ಗಿಂಡಿ, ಒಳಗೊಳಗೇ ಹೆದರುತ್ತ.

ಮೂವರು ಬಂದು ಎತ್ತಿ ನೋಡಿ, ತೂತು ಕಂಡು ಕೆಳಗಿಟ್ಟರು. ನಾಲ್ಕನೆಯವರು ಇಂತಹ ಸಾಮಾನುಗಳನ್ನೇ ಕೂಡಿಡುವ ಇಂದುಮತಿಬಾಯಿ. ಅವರ ಹೆಬ್ಬೆರಳು ಮೊದಲು ಹುಡುಕಿದ್ದೇ ಆ ತೂತನ್ನು. ಗಿಂಡಿಗೆ ನೀರು ತುಂಬಿಸಿ, ತೂತನ್ನು ಒತ್ತಿ ಹಿಡಿದು, ಕೊನೆಯ ಹನಿಯವರೆಗೂ ಸುರಿದರು. ಆಮೇಲೆ ಬೆರಳು ತೆಗೆದರು. ತೂತಿನಿಂದ ಗಾಳಿ ಹೊಕ್ಕು, ಜೋಡಿಗೋಡೆಯ ನಡುವೆ ಅಡಗಿದ್ದ ನೀರು ಒಳಗಿಳಿದು ಗಿಂಡಿ ಮತ್ತೆ ತುಂಬಿತು! ಮತ್ತೆ ಸುರಿದರು, ಮತ್ತೆ ತುಂಬಿತು. ಸೇರಿದವರೆಲ್ಲ ಚಪ್ಪಾಳೆ ತಟ್ಟಿದರು.

"ಅಯ್ಯಯ್ಯೋ, ಉಪಕಾರ ಮಾಡಲು ಹೋಗಿ ನಿಮ್ಮ ವಿದ್ಯೆಗೇ ಬಿರಡೆ ಹಾಕುತ್ತಿದ್ದೆನಲ್ಲ!" ಎಂದು ಅರಗು ಬಿದ್ದುಬಿದ್ದು ನಕ್ಕಿತು.

ಹರಾಜಿನಲ್ಲಿ ತನ್ನನ್ನು ಕೊಂಡ ಇಂದುಮತಿಬಾಯಿಯ ಕೈಯಲ್ಲಿದ್ದ ಗಿಂಡಿಯೂ ಗುಳುಗುಳು ನಕ್ಕಿತು.