ಷಡ್ಡಕನ ಗಾಡಿಯ ವಾಸನೆ

"ಅವ್ವ, ನಿಮ್ಮ ಬಳಿ ನನ್ನ ಜೊತೆ ಕಲಿಯುವವನಿಗೆ ನನ್ನನ್ನು ಕಂಡರೆ ಹೊಟ್ಟೆಕಿಚ್ಚು. ಅಂಥವನ ಪಕ್ಕ ಕೂತು ಒಂದೇ ಪಂಕ್ತಿಯಲ್ಲಿ ಉಣ್ಣುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುವಮ್ಮ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಹೊಸೆಯುತ್ತಲೇ ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನಿಗೊಬ್ಬ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಆ ಷಡ್ಡಕ ಒಂದು ಹಳೇ ಕಾರು ಕೊಂಡು, ತಾನೇ ಓಡಿಸಿಕೊಂಡು ಮಾವನ ಮನೆಗೆ ಬಂದ. ಅತ್ತೆ ಕಾರಿಗೆ ಆರತಿ ಎತ್ತಿದರು. ಮಾವ ಮುಂದಿನ ಸೀಟಿನಲ್ಲಿ ಕೂತು ಊರೆಲ್ಲ ಸುತ್ತಿ ಬಂದರು. ಹಿರಿಯ ಅಳಿಯನೆಂದು ಅಲ್ಲಿಯವರೆಗೆ ವ್ಯಾಪಾರಿಗೇ ಮೊದಲ ಮಣೆ. ಅಂದು ಅತ್ತೆಗೆ ಕಾರಿನ ಸಂಭ್ರಮದಲ್ಲಿ ಅವನ ಎಲೆಗೆ ತುಪ್ಪ ಬಡಿಸುವುದೇ ಮರೆತುಹೋಯಿತು. ತುಪ್ಪವಿಲ್ಲದ ಆ ಅನ್ನ ಅವನ ಗಂಟಲಲ್ಲೇ ನಿಂತುಬಿಟ್ಟಿತು.

ಊರಿಗೆ ಮರಳಿದವನೇ ಷಡ್ಡಕನದಕ್ಕಿಂತ ದೊಡ್ಡ ಕಾರು ಕೊಂಡ. ಕಲಿಸಲು ಒಬ್ಬ ಡ್ರೈವರನ್ನು ಗೊತ್ತು ಮಾಡಿದ. ಗೇರು ಬದಲಿಸುವಾಗ ಎಡಗಾಲಿನಿಂದ ಕ್ಲಚ್ಚು ಪೂರ್ತಿ ಒತ್ತಬೇಕು, ಬದಲಿಸಿದ ಮೇಲೆ ನಿಧಾನಕ್ಕೆ ಬಿಟ್ಟು ಕಾಲನ್ನೇ ಪಕ್ಕಕ್ಕೆ ಇಟ್ಟುಬಿಡಬೇಕು ಎಂದು ಡ್ರೈವರ್ ಹೇಳಿಕೊಟ್ಟ. ವ್ಯಾಪಾರಿ ಒತ್ತುವುದನ್ನು ಕಲಿತ, ಬಿಡುವುದನ್ನು ಕಲಿಯಲಿಲ್ಲ. ಯಾವ ಗಳಿಗೆಗೆ ಬೇಕಾಗುತ್ತದೋ ಎಂದು ಕಾಲು ಅದರ ಮೇಲೇ ಇರುತ್ತಿತ್ತು. ಹೀಗೆ ಅರ್ಧ ಒತ್ತಿಕೊಂಡೇ ಹೋದರೆ ಒಳಗಿನ ಪ್ಲೇಟು ಉಜ್ಜಿ ಉಜ್ಜಿ ಸುಡುತ್ತದೆ ಸ್ವಾಮಿ ಎಂದರೆ, ನನ್ನ ಷಡ್ಡಕ ಕಲಿಯುವುದಕ್ಕೆ ಎಷ್ಟು ದಿನ ಹಿಡಿಯಿತೋ ನಿನಗೆ ಗೊತ್ತೇ ಎಂದು ಅವನನ್ನೇ ಕೇಳಿದ.

ದೀಪಾವಳಿಗೆ ಮಾವ ಇಬ್ಬರು ಅಳಿಯಂದಿರನ್ನೂ ಕರೆದರು. ಮಾವನ ಮನೆ ಗುಡ್ಡದ ಮೇಲೆ. ಬುಡದಲ್ಲಿ ಎರಡು ಕಾರುಗಳೂ ಜೊತೆಯಾದವು. ಷಡ್ಡಕ ಕೈ ಬೀಸಿ ಮುಂದೆ ಹೋದ. ಈ ಸಲ ಮಾವ ತನ್ನ ಕಾರನ್ನೇ ಹತ್ತಬೇಕು ಎಂದು ವ್ಯಾಪಾರಿ ಬೆನ್ನು ಹತ್ತಿದ. ಕಣ್ಣು ಮುಂದಿನ ಕಾರಿನ ಮೇಲೆ, ಕಾಲು ಕ್ಲಚ್ಚಿನ ಮೇಲೆ. ಇಂಜಿನ್ನು ಅರಚುತ್ತಿತ್ತು, ಕಾರು ತೆವಳುತ್ತಿತ್ತು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ವ್ಯಾಪಾರಿಯ ಮುಖ ಅರಳಿತು.

"ನೋಡಿದೆಯೇನೇ, ನಿನ್ನ ತಂಗಿ ಗಂಡನ ಗಾಡಿ ಸುಡ್ತಾ ಇದೆ. ಆ ಹಳೇ ಡಬ್ಬ ಈ ಏರು ಹತ್ತೀತೇ" ಅಂದ.

ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ತಿರುವು ಕಳೆಯಿತು. ವಾಸನೆ ಕಡಿಮೆಯಾಗಲಿಲ್ಲ, ಹೆಚ್ಚಿತು.

"ಅವರ ಗಾಡಿ ಆಗಲೇ ಕಣ್ಣಿಗೇ ಕಾಣಿಸ್ತಿಲ್ಲವಲ್ಲ ರೀ. ವಾಸನೆ ಮಾತ್ರ ಹ್ಯಾಗೆ ಬರ್ತಿದೆ?"

"ಗಾಳಿ ಈ ಕಡೆಗೆ ಬೀಸ್ತಿದೆ ಕಣೇ."

ಸುಟ್ಟು ಕರಕಲಾದ ಗಾಡಿಯನ್ನು ಮಾವ ಇನ್ನೆಲ್ಲಿ ಹತ್ತುತ್ತಾರೆ ಎಂದು ನೆನೆದು ಅವನು ಒಳಗೊಳಗೇ ಹಿಗ್ಗಿದ. ಹಾಗೆ ಹಿಗ್ಗುತ್ತಿರುವಾಗಲೇ ಕಾರಿನ ಅಡಿಯಿಂದ ಹೊಗೆ ಎದ್ದಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಕಾರು ಮುಂದೆ ಹೋಗದು, ಹಿಂದಕ್ಕೆ ಜಾರತೊಡಗಿತು. ಅವನು ಹ್ಯಾಂಡ್‌ಬ್ರೇಕ್ ಎಳೆದ. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು.

ಸ್ವಲ್ಪ ಹೊತ್ತಿಗೆ ಷಡ್ಡಕ ಹುಡುಕಿಕೊಂಡು ಇಳಿದು ಬಂದ. ಅವನ ಕಾರಿನ ಮುಂದಿನ ಸೀಟಿನಲ್ಲಿ ಮಾವ ಕೂತಿದ್ದರು. ವ್ಯಾಪಾರಿ ಹೊಗೆಯ ನಡುವೆ ನಿಂತೇ ಮೊದಲು ಕೇಳಿದ್ದು ಒಂದೇ ಮಾತು.

"ನಿನ್ನ ಗಾಡಿಗೆ ಏನೂ ಆಗಿಲ್ಲವೇನೋ?"

ಷಡ್ಡಕ ಅದನ್ನು ಅಕ್ಕರೆ ಎಂದೇ ತಿಳಿದ. "ಏನೂ ಇಲ್ಲ ಅಣ್ಣ. ನೀವು ಹಿಂದೆ ಬರ್ತಿದ್ದೀರಲ್ಲ ಅಂತ ಧೈರ್ಯವಾಗಿ ಹತ್ತಿಸಿಬಿಟ್ಟೆ" ಅಂದ.

ಕತೆ ಕೇಳಿ ಶಿಷ್ಯ ತೊಡೆ ತಟ್ಟಿ ನಕ್ಕ. ಎಂಥ ಮಂಕನಪ್ಪ ಅವನು, ತನ್ನ ಕಾಲ ಕೆಳಗಿನ ಬೆಂಕಿ ತನಗೇ ತಿಳಿಯಲಿಲ್ಲವೇ ಎಂದ.

ಗುರುವಮ್ಮ ಅವನ ನಗು ಮುಗಿಯುವವರೆಗೂ ಕಾದರು. ಆಮೇಲೆ ಹೇಳಿದರು:

"ಮಗಾ, ನಿನ್ನ ಜೊತೆಯವನು ಇವತ್ತಿನವರೆಗೂ ನನ್ನ ಮುಂದೆ ನಿನ್ನ ಮಾತು ಎತ್ತಿದ್ದೇ ಇಲ್ಲ."