ಒಂದು ಕುಣಿಕೆಯೂ ತಪ್ಪದ ಕುಲಾವಿ

"ಮನಸ್ಸಿನಲ್ಲಿ ಇನ್ನೂ ಒಂದಿಷ್ಟು ಕಹಿ ಉಳಿದಿರುವಾಗ ಕ್ಷಮೆ ಕೇಳಲು ಹೋಗಬಹುದೇ, ಬುದ್ಧಿ?" ಎಂದು ಗುರುಸಿದ್ದ ಕೇಳಿದ.

ಗುರುಗಳು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. "ಯಾರ ಹತ್ತಿರ?" ಎಂದರು.

"ನಮ್ಮ ಅಕ್ಕನ ಹತ್ತಿರ. ನನ್ನನ್ನು ಎತ್ತಿ ಆಡಿಸಿದವಳು. ಅಮ್ಮ ತೀರಿಕೊಂಡ ದಿನ ಅವಳಿಗೆ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಎರಡು ವರ್ಷವಾಯಿತು. 'ಒಂದು ಸಲ ಬಂದು ಮುಖ ತೋರಿಸಿ ಹೋಗಲಿ' ಎಂದು ಎರಡು ಬಾರಿ ಹೇಳಿಕಳಿಸಿದ್ದಾಳೆ. ನಾನು ದಿನವೂ ಧ್ಯಾನಕ್ಕೆ ಕೂತು ಮನಸ್ಸನ್ನು ತೊಳೆದುಕೊಳ್ಳುತ್ತಿದ್ದೇನೆ. ಅದರಲ್ಲಿ ಒಂದು ಕಲೆಯೂ ಇರಬಾರದು. ಪೂರ್ತಿ ಶುದ್ಧವಾದ ಮೇಲೆ ಹೋಗಿ ಕಾಲು ಹಿಡಿಯೋಣ ಎಂದಿದ್ದೇನೆ. ಸರಿ ತಾನೇ?"

"ಆಹಾ, ಸರಿಯೇ ಸರಿ! ಎರಡು ವರ್ಷ ಒಗೆದರೂ ಹೋಗಲಿಲ್ಲವೇನಪ್ಪ ನಿನ್ನ ಕೊಳೆ? ಅಗಸನಿಗೆ ಹಾಕಿದ್ದರೆ ಇಷ್ಟು ಹೊತ್ತಿಗೆ ಬಟ್ಟೆಯೇ ಹರಿದುಹೋಗುತ್ತಿತ್ತು. ಕೂತುಕೋ. ಆ ಇನ್ನೊಂದು ಮೊರ ಎಳೆದುಕೋ. ಕೈ ಕೆಲಸ ಮಾಡಲಿ, ಕಿವಿ ಇತ್ತ ಇರಲಿ."

ಗುರುಸಿದ್ದ ಕೂತ. ಗುರುಗಳು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಉಣ್ಣೆ ಹೆಣೆಯುವುದರಲ್ಲಿ ಎತ್ತಿದ ಕೈ. ಎರಡು ಕಡ್ಡಿ ಹಿಡಿದರೆ ಸ್ವೆಟರು, ಕೊಕ್ಕೆ ಕಡ್ಡಿ ಹಿಡಿದರೆ ಕುಲಾವಿ. ಆ ಊರಿನಲ್ಲಿ ಯಾವ ಕೂಸಿನ ತಲೆ ನೋಡಿದರೂ ಅವಳು ಹೆಣೆದ ಕುಲಾವಿಯೇ. ಅವಳದೊಂದು ನೇಮ ಇತ್ತು. ತಪ್ಪಿದ ಕುಣಿಕೆಯನ್ನು ಹಾಗೇ ಬಿಡುವವಳಲ್ಲ. ಹತ್ತನೆಯ ಸಾಲಿನಲ್ಲಿ ತಪ್ಪಿದ್ದು ಐವತ್ತನೆಯ ಸಾಲಿಗೆ ಬಂದಾಗ ಕಣ್ಣಿಗೆ ಬಿದ್ದರೂ ಸರಿ, ಅಷ್ಟನ್ನೂ ಬಿಚ್ಚಿ ಮತ್ತೆ ಹೆಣೆಯುವಳು. ಊರು ಹೊಗಳಿತು. ಹೊಗಳಿಕೆ ಯಾರಿಗೆ ಕಹಿ? ನಿನಗೂ ಅಲ್ಲ, ನನಗೂ ಅಲ್ಲ.

ಅವಳಿಗೆ ಗಂಡ ಇರಲಿಲ್ಲ. ಒಬ್ಬಳೇ ಮಗಳು. ಆ ಮಗಳು ತಾನು ಮೆಚ್ಚಿದವನನ್ನು ಮದುವೆಯಾಗುತ್ತೇನೆ ಎಂದಳು. ತಾಯಿಗೆ ಅದು ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದು ಸುಮ್ಮನಿದ್ದಳೇ? ಇಲ್ಲ. "ಹಾಳಾಗಿ ಹೋಗು, ನಿನ್ನ ಹೊಸ್ತಿಲು ತುಳಿದರೆ ಕೇಳು" ಎಂದು ನಾಲ್ಕು ಜನ ನಿಂತಿರುವಾಗಲೇ ಅಂದಳು. ಮಗಳು ತಲೆ ತಗ್ಗಿಸಿಕೊಂಡು ಹೊರಟುಹೋದಳು. ದೂರವೇನಿಲ್ಲ, ಒಂದು ದಿನದ ದಾರಿ. ಆದರೂ ಒಂದು ವರ್ಷ ಇವಳು ಅಲ್ಲಿಗೆ ಹೋಗಲಿಲ್ಲ, ಅವಳು ಇಲ್ಲಿಗೆ ಬರಲಿಲ್ಲ. ಆಡಿದ ಮಾತು ತಾಯಿಯ ಎದೆಯಲ್ಲೇ ಚುಚ್ಚುತ್ತಿತ್ತು. ಒಬ್ಬಳೇ ಇದ್ದಾಗ ಅಳುತ್ತಿದ್ದಳು ಕೂಡ. ಹೊರಗೆ ಮಾತ್ರ ತೋರಿಸಿಕೊಳ್ಳಲಿಲ್ಲ.

ಉಣ್ಣೆಯ ನೂಲು ಮಾರುವ ವ್ಯಾಪಾರಿಯೊಬ್ಬ ಎರಡೂ ಊರುಗಳಿಗೆ ಹೋಗಿಬರುತ್ತಿದ್ದ. ಒಂದು ದಿನ ಅವನು ಬಂದು ಜಗಲಿಯ ಮೇಲೆ ಗಂಟು ಇಳಿಸಿ, "ತಾಯಿ, ನಿಮ್ಮ ಮಗಳಿಗೆ ಏಳು ತಿಂಗಳು. ನಿಮಗೊಂದು ಮಾತು ಹೇಳಿಕಳಿಸಿದ್ದಾಳೆ" ಎಂದ. ಅವಳು ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು.

"ಏನಂತೆ?" ಎಂದಳು.

"ನೀವು ಉಟ್ಟು ಹಳತಾದ ಸೀರೆ ಒಂದು ಕಳಿಸಬೇಕಂತೆ. ಕೂಸು ಹುಟ್ಟಿದರೆ ಮೊದಲು ಅದರಲ್ಲೇ ಸುತ್ತಬೇಕು ಅಂತ ಅವಳ ಆಸೆ."

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹುಟ್ಟಿದ ಕೂಸಿಗೆ ಮೊದಲ ಬಟ್ಟೆ ಹೊಸದಾಗಿರಬಾರದು. ಹಿರಿಯರು ಉಟ್ಟು, ಒಗೆದು, ಮೆತ್ತಗಾದ ಬಟ್ಟೆಯಲ್ಲಿ ಸುತ್ತುತ್ತಾರೆ. ಹಿರಿಯರ ಆಯುಷ್ಯ ಕೂಸಿಗೆ ಬರಲಿ ಎನ್ನುತ್ತಾರೆ. ಆಯುಷ್ಯ ಬರುತ್ತದೋ ಬಿಡುತ್ತದೋ, ಚರ್ಮಕ್ಕೆ ಹಿತವಾಗಿರುತ್ತದೆ. ಅವಳ ಪೆಟ್ಟಿಗೆಯಲ್ಲಿ ಅಂಥ ಸೀರೆ ಒಂದಲ್ಲ, ಆರಿದ್ದವು. ಒಂದನ್ನು ಮಡಿಸಿ ಅವನ ಗಂಟಿನೊಳಗೆ ಹಾಕಿದ್ದರೆ ಆಗಿಹೋಗುತ್ತಿತ್ತು.

ಅವಳು ಹಾಕಲಿಲ್ಲ. "ಹಳೇ ಸೀರೆಯಾ? ಊರಿನ ಕೂಸುಗಳಿಗೆಲ್ಲ ನನ್ನ ಕೈಯ ಕುಲಾವಿ, ನನ್ನ ಮೊಮ್ಮಗುವಿಗೆ ಚಿಂದಿಯಾ? ಆ ಊರಿನವರು ನೋಡಿದರೆ ಏನೆಂದಾರು? ಮಗಳನ್ನು ಬೈದು ಕಳಿಸಿದ್ದಲ್ಲದೆ ಹರಕು ಬಟ್ಟೆ ಬೇರೆ ಕಳಿಸಿದಳು ಅನ್ನುವುದಿಲ್ಲವಾ? ಆಗದು ಕಣಪ್ಪ. ಕುಲಾವಿ, ಸ್ವೆಟರು, ಕಾಲುಚೀಲ, ಶಾಲು ಎಲ್ಲ ನಾನೇ ಹೆಣೆದು, ನಾನೇ ತೆಗೆದುಕೊಂಡು ಬರುತ್ತೇನೆ. ಹೇಳು ಅವಳಿಗೆ" ಎಂದಳು. ಅವನ ಗಂಟು ಬಿಚ್ಚಿಸಿ ಎಲ್ಲಕ್ಕಿಂತ ನುಣುಪಾದ ಹಳದಿ ನೂಲು ಆರಿಸಿದಳು. ವ್ಯಾಪಾರಿ ಏನೋ ಹೇಳಲು ಬಾಯಿ ತೆರೆದವನು ಸುಮ್ಮನಾದ. ಆ ಬಡಪಾಯಿಯನ್ನು ನಾನು ಬೈಯುವುದಿಲ್ಲ. ನೂಲು ಮಾರಲು ಬಂದವನು ನೂಲು ಬೇಡ ಎಂದು ಹೇಗೆ ಹೇಳಿಯಾನು?

ನೂಲು ತಂದಿಟ್ಟುಕೊಂಡಳೇ ಹೊರತು ಹೆಣೆಯಲು ಕೂರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುವುದು ಹಿರಿಯರ ಮಾತಲ್ಲವೇ? ಬೇರೆಯವರ ಕೂಸಿಗೇ ಆ ನಿಯಮ ಮೀರದವಳು ತನ್ನ ಮಗಳ ಕೂಸಿಗೆ ಮೀರುತ್ತಾಳೆಯೇ? ಎರಡು ತಿಂಗಳು ಕಾದಳು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾಗಿತ್ತು. ಅದನ್ನು ನೆನೆದು ಅವಳು ಕೊರಗುತ್ತಿದ್ದಳು. ಬಾ ಎಂದು ಕರೆಯಲು ಬಾಯಿ ಬರಲಿಲ್ಲ. ಎಲ್ಲವನ್ನೂ ಸೇರಿಸಿ ಒಂದೇ ಸಲ ಕೊಟ್ಟು ಮುಗಿಸುತ್ತೇನೆ ಎಂದುಕೊಂಡಳು.

ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಅವಳು ಬೀದಿಗೆಲ್ಲ ಸಕ್ಕರೆ ಹಂಚಿ, ಅಂದೇ ಕೊಕ್ಕೆ ಕಡ್ಡಿ ಹಿಡಿದು ಕೂತಳು. ತೊಟ್ಟಿಲ ಶಾಸ್ತ್ರಕ್ಕೆ ಎರಡು ದಿನ ಮುಂಚೆ ಕುಲಾವಿ ಮುಗಿಯಿತು. ನೋಡಿದವರು ಕೆನ್ನೆಗೆ ಒತ್ತಿಕೊಂಡರು. ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ನೆತ್ತಿಯ ಹತ್ತಿರ ಒಂದು ಕುಣಿಕೆ ತಪ್ಪಿತ್ತು. ನೀನಾಗಲಿ ನಾನಾಗಲಿ ಹುಡುಕಿದರೂ ಸಿಗುವಂಥದ್ದಲ್ಲ. ಅವಳಿಗೆ ಸಿಕ್ಕಿತು. ಬಿಚ್ಚಿಬಿಟ್ಟಳು. ತೊಟ್ಟಿಲ ಶಾಸ್ತ್ರ ಅವಳಿಲ್ಲದೆ ಆಯಿತು.

ಮತ್ತೆ ಹೆಣೆದಳು. ಅಷ್ಟರಲ್ಲಿ ವ್ಯಾಪಾರಿ ಬಂದ. "ಕೂಸಿನ ತಲೆ ಎಷ್ಟು ದಪ್ಪ ಇದೆ?" ಎಂದು ಕೇಳಿದಳು. "ಒಂದು ತೆಂಗಿನಕಾಯಿಯಷ್ಟು ಇದೆ ತಾಯಿ" ಎಂದ. ಇವಳು ಮನೆಯಲ್ಲಿದ್ದ ಕಾಯಿ ತಂದು, ಹೆಣೆದದ್ದನ್ನು ಅದಕ್ಕೆ ತೊಡಿಸಿ ನೋಡಿದಳು. ಬಿಗಿಯಾಯಿತು. ಅದನ್ನೂ ಬಿಚ್ಚಿದಳು. ನಗಬೇಡ, ಗುರುಸಿದ್ದ. ಆ ಕಾಯಿಯನ್ನು ಮುಂದಿಟ್ಟುಕೊಂಡು ಒಂದು ತಿಂಗಳು ಹೆಣೆದಳು. ಕಾಯಿ ಇದ್ದಷ್ಟೇ ಇತ್ತು, ಕೂಸು ಬೆಳೆಯಿತು.

ಸ್ವೆಟರು ಹೆಣೆಯಲು ಶುರುಮಾಡಿದಳು. ಎರಡನೆಯ ತೋಳಿಗೆ ಬರುವಾಗ ನೂಲು ಮುಗಿಯಿತು. ವ್ಯಾಪಾರಿ ತಂದ ಹೊಸ ಉಂಡೆಯ ಹಳದಿ ಒಂದು ಚೂರು ಗಾಢವಾಗಿತ್ತು. ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ ಆದೀತು ಎಂದು ಇಡೀ ಸ್ವೆಟರನ್ನೇ ಬಿಚ್ಚಿದಳು. ಎಲ್ಲವೂ ಒಂದೇ ಬಣ್ಣದ್ದಾಗಬೇಕೆಂದು ಹೊಸ ನೂಲು ತರಿಸಿದಳು. ಅಳತೆ ಮತ್ತೆ ಬದಲಾಯಿತು. ಚಳಿಗಾಲ ಹೋಯಿತು, ಬೇಸಿಗೆ ಬಂತು. ಬೇಸಿಗೆಯಲ್ಲಿ ಉಣ್ಣೆ ಕೊಟ್ಟರೆ ನಗುತ್ತಾರೆ ಎಂದು ಮುಂದಿನ ಚಳಿಗಾಲಕ್ಕೆ ಕಾದಳು.

ಮಗಳಿಂದ ಇನ್ನೊಂದು ಸಲ ಮಾತು ಬಂತು. "ಕುಲಾವಿ ಬೇಡವಂತೆ ತಾಯಿ. ಅಮ್ಮ ಬಂದರೆ ಸಾಕು ಅಂದಳು" ಎಂದ ವ್ಯಾಪಾರಿ.

ಅವಳು ಹೆಣೆಯುವುದನ್ನು ನಿಲ್ಲಿಸಿದಳು. ಆಮೇಲೆ, "ಬರಿಗೈಯಲ್ಲಿ ಹೇಗಪ್ಪ ಹೋಗಲಿ? ಹಾಳಾಗಿ ಹೋಗು ಅಂದ ಬಾಯಿ ಇದು. ಇದನ್ನೇ ಹೊತ್ತುಕೊಂಡು, ಕೈ ಬೀಸಿಕೊಂಡು ಹೋಗಿ ಅವಳ ಬಾಗಿಲಲ್ಲಿ ನಿಂತರೆ ನನ್ನ ಮುಖ ಎಲ್ಲಿಟ್ಟುಕೊಳ್ಳಲಿ? ಇದೊಂದು ಮುಗಿಯಲಿ" ಎಂದಳು. ಅವಳು ನಿಜ ಹೇಳಿದ್ದು ಅದೊಂದೇ ಸಲ. ಹೆದರಿದ್ದಳು, ಪಾಪ. ಹೆದರಿಕೆಗೆ ಅಚ್ಚುಕಟ್ಟು ಎಂದು ಹೆಸರಿಟ್ಟುಕೊಂಡಿದ್ದಳು. ಅಯ್ಯೋ, ಆ ಗಳಿಗೆಯಲ್ಲಿ ಯಾರಾದರೂ ಅವಳ ಕೈಯಿಂದ ಕಡ್ಡಿ ಕಿತ್ತುಕೊಂಡು ಬೀದಿಗೆ ದಬ್ಬಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೂರು ವರ್ಷಕ್ಕೆ ಎಲ್ಲ ಮುಗಿಯಿತು. ಕುಲಾವಿ, ಸ್ವೆಟರು, ಕಾಲುಚೀಲ, ಶಾಲು. ಮೂರು ಸಲ ಬೆಳಕಿಗೆ ಹಿಡಿದು ನೋಡಿದಳು. ಒಂದು ಕುಣಿಕೆಯೂ ತಪ್ಪಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬೆಳಗ್ಗೆಯೇ ಹೊರಟಳು. ದಾರಿಯುದ್ದಕ್ಕೂ ಗಂಟನ್ನು ನೆಲಕ್ಕೆ ಇಳಿಸಲಿಲ್ಲ.

ಮಗಳ ಮನೆಯ ಬಾಗಿಲಲ್ಲಿ ಒಂದು ಹುಡುಗಿ ಕೂತು ಆಡುತ್ತಿತ್ತು. ಮಗಳದೇ ಮೂಗು, ಮಗಳದೇ ಕಣ್ಣು. ಹೇಳಿಕೊಡುವವರು ಬೇಕಾಗಲಿಲ್ಲ. ಹೆಂಗಸು ಅಲ್ಲೇ ಕುಕ್ಕರಿಸಿ ಗಂಟು ಬಿಚ್ಚಿ, ಶಾಲು ತೆಗೆದು ಹುಡುಗಿಗೆ ಹೊದಿಸಿದಳು. ಹುಡುಗಿ ಮುಖ ಗಂಟಿಕ್ಕಿ ಶಾಲನ್ನು ಕೊಡವಿ ಕೆಳಗೆ ಹಾಕಿತು. ಪಕ್ಕದಲ್ಲಿ ಬಿದ್ದಿದ್ದ ಬಟ್ಟೆಯ ತುಂಡೊಂದನ್ನು ಎಳೆದುಕೊಂಡು ಎದೆಗೆ ಅವುಚಿಕೊಂಡಿತು. ಹಳೆಯ ಸೀರೆಯ ತುಂಡು. ಬಣ್ಣ ಯಾವುದೆಂದು ಹೇಳಲಾಗದಷ್ಟು ಮಾಸಿತ್ತು.

"ಅದು ಯಾರದ್ದು ಚಿನ್ನ?" ಎಂದು ಹೆಂಗಸು ಕೇಳಿದಳು.

"ನಮ್ಮಜ್ಜೀದು" ಎಂದಿತು ಹುಡುಗಿ.

ಹೆಂಗಸು ಆ ತುಂಡನ್ನು ದಿಟ್ಟಿಸಿ ನೋಡಿದಳು. ತಾನು ಕಳಿಸಿರಲಿಲ್ಲವಲ್ಲ. ಅಷ್ಟರಲ್ಲಿ ಎದುರು ಮನೆಯಿಂದ ಒಬ್ಬ ಮುದುಕಿ ಹೊರಗೆ ಬಂದಳು. ಹುಡುಗಿ "ಅಜ್ಜೀ" ಎಂದು ಕೂಗುತ್ತಾ ಓಡಿಹೋಗಿ ಅವಳ ಕಾಲು ತಬ್ಬಿಕೊಂಡಿತು. ಅಲ್ಲಿಂದ ತಿರುಗಿ, ಯಾರು ಇವರು ಎಂಬಂತೆ ಈ ಹೆಂಗಸನ್ನು ನೋಡಿತು.

ಮಗಳು ಒಳಗಿನಿಂದ ಬಂದಳು. ಜಗಳವಾಡಲಿಲ್ಲ. ಕಾಲಿಗೆ ನೀರು ಕೊಟ್ಟಳು, ಬಿಸಿ ಬಿಸಿ ಅಡಿಗೆ ಮಾಡಿ ಬಡಿಸಿದಳು. ಊಟವಾದ ಮೇಲೆ ಹೆಣಿಗೆಯನ್ನೆಲ್ಲ ಮಡಿಲಲ್ಲಿ ಹರವಿಕೊಂಡು ಸಾಲು ಸಾಲಾಗಿ ನೋಡಿದಳು. "ಒಂದು ಕುಣಿಕೆಯೂ ತಪ್ಪಿಲ್ಲಮ್ಮ" ಎಂದಳು. ತಾಯಿಗೆ ಏನು ಹೇಳಿದರೆ ಸಂತೋಷವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕುಲಾವಿ ಹುಡುಗಿಯ ತಲೆಗೆ ಸರಿಯಾಗಿಯೇ ಕೂತಿತ್ತು. ಆದರೆ ಮೂರು ವರ್ಷದ ಹುಡುಗಿ ಕುಲಾವಿ ಹಾಕಿಕೊಳ್ಳುತ್ತದೆಯೇ? ಕಿತ್ತೆಸೆದು ಆಡಲು ಹೋಯಿತು.

ತಾಯಿ ತಡೆಯಲಾರದೆ ಕೇಳಿದಳು: "ನಾಲ್ಕು ದಿನ ಕಾಯಬಾರದಿತ್ತೇನೇ? ನಾನು ತರುತ್ತೇನೆ ಅಂತ ಹೇಳಿಕಳಿಸಿರಲಿಲ್ಲವಾ?"

"ಕೂಸಿಗೆ ಕಾಯೋದು ಗೊತ್ತಿಲ್ಲವಲ್ಲಮ್ಮ. ಹುಟ್ಟಿದ ಕೂಡಲೇ ಸುತ್ತಲು ಏನಾದರೂ ಬೇಕಿತ್ತು. ಎದುರು ಮನೆಯವರು ತಾವು ಉಟ್ಟಿದ್ದ ಸೀರೆಯ ಸೆರಗನ್ನೇ ಹರಿದು ಕೊಟ್ಟರು. ಆವತ್ತಿನಿಂದ ಅವರೇ ಅವಳಿಗೆ ಅಜ್ಜಿ."

ತಾಯಿ ಹೆಣಿಗೆಯನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಆಮೇಲೆ ಮಗಳ ಕೈ ಹಿಡಿದುಕೊಂಡು, ನಾಲ್ಕು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದಳು: "ನಾನು ಅಂದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಕಣೇ. ತಪ್ಪಾಯಿತು."

ಮಗಳು ಆಶ್ಚರ್ಯದಿಂದ ನೋಡಿದಳು. "ಅದನ್ನು ನಾನು ಯಾವತ್ತೋ ಬಿಟ್ಟುಬಿಟ್ಟಿದ್ದೆ ಅಮ್ಮ. ಇಲ್ಲದಿದ್ದರೆ ನಿನ್ನ ಸೀರೆ ಯಾಕೆ ಕೇಳುತ್ತಿದ್ದೆ?"

ಆ ಹೆಂಗಸು ಅಲ್ಲಿ ಎರಡು ದಿನ ಇದ್ದಳು. ಮೊಮ್ಮಗಳು ಹತ್ತಿರ ಬರಲಿಲ್ಲ. ಕರೆದರೆ ಬಾಗಿಲ ಮರೆಯಿಂದ ಇಣುಕಿ ಓಡುತ್ತಿತ್ತು. ಹೊರಡುವ ದಿನ ಅವಳು ಮಗಳ ಸೀರೆಯೊಂದನ್ನು ಉಟ್ಟುಕೊಂಡು, ತಾನು ಉಟ್ಟು ಬಂದಿದ್ದ ಹಳೆಯ ಹತ್ತಿ ಸೀರೆಯನ್ನು ಒಗೆದು, ಒಣಗಿಸಿ, ಮಡಿಸಿ ಮಗಳ ಕೈಗೆ ಕೊಟ್ಟಳು. ಮಗಳು ಅದನ್ನು ತೆಗೆದುಕೊಂಡು ಪೆಟ್ಟಿಗೆಯಲ್ಲಿಟ್ಟಳು. ಇನ್ನೇನು ಮಾಡಿಯಾಳು? ಸುತ್ತಬೇಕಾದ ಕೂಸು ಬೀದಿಯಲ್ಲಿ ಓಡಾಡುತ್ತಿತ್ತು.

ಗುರುಗಳು ಮಾತು ನಿಲ್ಲಿಸಿದರು.

ಗುರುಸಿದ್ದನ ಕಣ್ಣು ತುಂಬಿತ್ತು. "ಪಾಪ, ಬುದ್ಧಿ. ಮೂರು ವರ್ಷ ಕೂತು ಹೆಣೆದಳಲ್ಲ. ಆ ತಾಯಿಗೆ ಮೊಮ್ಮಗಳ ಮೇಲೆ ಎಷ್ಟೊಂದು ಪ್ರೀತಿ ಇತ್ತು!" ಎಂದ.

"ಪ್ರೀತಿ ಮೊಮ್ಮಗಳ ಮೇಲೆಯೇ ಇತ್ತಪ್ಪ, ಕಣ್ಣು ಮಾತ್ರ ತನ್ನ ಕೈಯ ಮೇಲಿತ್ತು."