ಪಾಯಸ ಕಾದು ಕುಳಿತ ದಿನ

“ಅರಮನೆಯ ಪಾಯಸ ಉಂಡವರೆಲ್ಲ ವಾಂತಿ ಭೇದಿಯಿಂದ ಮಲಗಿದ್ದಾರೆ. ಅಡುಗೆಯ ನೀಲವ್ವನಿಗೆ ನಾಳೆ ಮರಣದಂಡನೆ. ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ ವರ. ತಪ್ಪು ಹೇಳಿದವರಿಗೆ ನೀಲವ್ವನದೇ ಗತಿ,” ಎಂದು ಡಂಗುರ ಸಾರಿದರು.

ಅರಮನೆಗೆ ಮೊಸರು ಮಾರುವ ದುಗ್ಗಪ್ಪ ಅದನ್ನು ಕೇಳಿದ. ನೀಲವ್ವ ಅವನ ದೊಡ್ಡವ್ವ, ಅಂದರೆ ತಾಯಿಯ ಅಕ್ಕ. ತಬ್ಬಲಿಯಾದ ಅವನನ್ನು ಸಾಕಿದವಳು. ಕೊಡವನ್ನು ಅಲ್ಲೇ ಇಳಿಸಿ ಆಸ್ಥಾನಕ್ಕೆ ಓಡಿದ.

ಅರಸರು ಹೊಟ್ಟೆ ಹಿಡಿದುಕೊಂಡೇ ಸಿಂಹಾಸನದಲ್ಲಿ ಕುಳಿತಿದ್ದರು, ಏಕೆಂದರೆ ಅವರೂ ಪಾಯಸ ಉಂಡಿದ್ದರು. ಪಕ್ಕದಲ್ಲಿ ನಿಂತ ರಾಜಕುಮಾರಿ ಮೊದಲ ಒಗಟು ಕೇಳಿದಳು: “ಒಬ್ಬನೇ ಬರುತ್ತಾನೆ, ಸಂಜೆಗೆ ದಂಡಾಗುತ್ತಾನೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಸಿಗುವುದಿಲ್ಲ. ಯಾರವನು?”

ನೆರೆರಾಜ್ಯದ ಯುವರಾಜ ಮೀಸೆ ತಿರುವಿ, “ಶತ್ರುಗಳು ಹಾಕಿಸಿದ ವಿಷ,” ಎಂದ.

“ವಿಷ ಮರಿ ಹಾಕುತ್ತದೆಯೇ, ಯುವರಾಜರೇ?” ಎಂದಳು ರಾಜಕುಮಾರಿ. ಭಟರು ಅವನನ್ನು ಸೆರೆಗೆ ಒಯ್ದರು.

“ಹಾಗಾದರೆ ದೆವ್ವ,” ಎಂದ ಮಂತ್ರಿಯ ಮಗ.

“ಪಾಯಸಕ್ಕೆ ಬರುವ ದೆವ್ವ ನಿಮ್ಮ ಮನೆಯದೇ ಇರಬೇಕು.” ಅವನೂ ಸೆರೆಗೆ ಹೋದ.

ದುಗ್ಗಪ್ಪ ಮುಂದೆ ಬಂದ. “ತಾಯೀ, ಒಂದು ಚಮಚೆ ಹೆಪ್ಪು ಹಾಕಿದರೆ ಕೊಡದ ಹಾಲೆಲ್ಲ ಮೊಸರಾಗುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಬೆಳೆಯುವುದರಿಂದ ಹಾಗಾಗುತ್ತದೆ. ಅವು ಒಳ್ಳೆಯವು. ಪಾಯಸಕ್ಕೆ ಕೈಯಿಂದಲೋ ಸೌಟಿನಿಂದಲೋ ಬಂದದ್ದು ಕೆಟ್ಟ ಜಾತಿಯ ಜೀವಿ, ಅದೇ ಬೆಳೆದು ದಂಡಾಯಿತು.”

ರಾಜಕುಮಾರಿ ತಲೆದೂಗಿ ಎರಡನೆಯ ಒಗಟು ಕೇಳಿದಳು: “ಕುದಿಯುವಲ್ಲಿ ಬೆಳೆಯಲಾರ, ಚಳಿ ಕೊರೆಯುವಲ್ಲಿಯೂ ಬೆಳೆಯಲಾರ. ಅವನ ತವರೂರು ಯಾವುದು?”

“ಉಗುರುಬೆಚ್ಚಗಿನ ಪಾತ್ರೆ. ಹೆಪ್ಪನ್ನೂ ನಾವು ಉಗುರುಬೆಚ್ಚಗಿನ ಹಾಲಿಗೇ ಹಾಕುತ್ತೇವೆ.”

“ಅವನನ್ನು ಅಷ್ಟು ಹೊತ್ತು ಬೆಚ್ಚಗೆ ಸಾಕಿದವರು ಯಾರು?” ಈ ಮೂರನೆಯ ಒಗಟನ್ನು ಅವಳು ನೆಲ ನೋಡುತ್ತ ಕೇಳಿದಳು.

ಉತ್ತರ ಅವಳಿಗೆ ಗೊತ್ತಿದೆ, ಹೇಳಲಾರಳು ಎಂದು ದುಗ್ಗಪ್ಪನಿಗೆ ಅರ್ಥವಾಯಿತು. ಅವನು ಅರಸರತ್ತ ತಿರುಗಿ ಕೈ ಮುಗಿದ.

“ಬುದ್ಧೀ, ತಮ್ಮ ಮೇಲಿನ ಪ್ರೀತಿಯೇ. ತಾವು ಉಣ್ಣದೆ ಇಲ್ಲಿ ಯಾರೂ ಉಣ್ಣುವುದಿಲ್ಲ. ತಾವು ಬೇಟೆಯಿಂದ ಬಂದದ್ದು ಸಂಜೆ. ಬೆಳಿಗ್ಗೆ ಮಾಡಿದ ಪಾಯಸ ಅಲ್ಲಿಯವರೆಗೂ ಉಗುರುಬೆಚ್ಚಗೆ ಕಾದು ಕುಳಿತಿತ್ತು. ಬಡಿಸುವಾಗ ಮತ್ತೆ ಬಿಸಿ ಮಾಡಿದರು ನಿಜ, ಆದರೆ ಆ ಜೀವಿಗಳು ಬಿಟ್ಟ ವಿಷ ಬಿಸಿಗೆ ಹೋಗಲಿಲ್ಲ.”

ಅರಸರು ಮಗಳತ್ತ ತಿರುಗಿದರು. “ನಾನು ತಡವಾಗಿ ಬಂದದ್ದಕ್ಕೆ ನೀಲವ್ವನ ತಲೆ ತೆಗೆಯಲಿದ್ದೆನೇ, ಮಗಳೇ?”

“ನಿಮ್ಮೆದುರು ಹೇಳಲು ಧೈರ್ಯ ಬರಲಿಲ್ಲ, ಅಪ್ಪಾಜಿ.”

ದುಗ್ಗಪ್ಪ ವರವಾಗಿ ದೊಡ್ಡವ್ವನ ಬಿಡುಗಡೆಯ ಜೊತೆಗೆ ಸೆರೆಯಲ್ಲಿದ್ದ ಆ ಇಬ್ಬರದನ್ನೂ ಬೇಡಿದ. ಅರಸರು ಅದನ್ನು ಕೊಟ್ಟು, ಮೇಲೊಂದು ಎಮ್ಮೆಹಿಂಡನ್ನೂ ಕೊಟ್ಟರು. ಕೈ ತೊಳೆದು ಅಡುಗೆ ಮಾಡಬೇಕು, ಬಿಸಿಯಿರುವಾಗಲೇ ಉಣ್ಣಬೇಕು, ಉಳಿದದ್ದನ್ನು ಬೇಗ ತಣ್ಣಗಿಡಬೇಕು, ಯಾರಿಗಾಗಿಯೂ ಕಾಯಬಾರದು ಎಂದು ಆಜ್ಞೆಯಾಯಿತು.

ಮುಂದಿನ ಬೇಟೆಯಿಂದ ಅರಸರು ತಡವಾಗಿ ಬಂದಾಗ ಪಾಯಸದ ಪಾತ್ರೆ ಖಾಲಿಯಾಗಿತ್ತು.

“ನನಗೇನೂ ಉಳಿಸಲಿಲ್ಲವೇ, ನೀಲವ್ವ?”

“ಕಾಯಬಾರದೆಂದು ತಮ್ಮದೇ ಆಜ್ಞೆ, ಬುದ್ಧಿ,” ಎಂದು ನೀಲವ್ವ ಕೈ ತೊಳೆದುಕೊಂಡು ಒಲೆಗೆ ಸೌದೆ ಒಟ್ಟಿದಳು. “ಕೂತುಕೊಳ್ಳಿ, ಬಿಸಿಯಾಗಿ ಮಾಡಿಕೊಡ್ತೀನಿ.”